ಗಡಿಯಾರದ ಕಂಬದಿಂದ ಎಡಕ್ಕೆ

ಫ್ರೇಮಣ್ಣನ ಅಂಗಡಿಗೆ ಫೋಟೋ ತೆಗೆದುಕೊಂಡು ಹೋದವರು ಫ್ರೇಮಿನ ಜೊತೆಗೆ ಒಂದಷ್ಟು ಅಭಿಪ್ರಾಯಗಳನ್ನೂ ಹೊತ್ತುಕೊಂಡು ಬರಬೇಕಾಗುತ್ತಿತ್ತು. ಅದಕ್ಕೆ ಬೇರೆ ದರವೇನೂ ಇರಲಿಲ್ಲ, ಬೇಡವೆಂದರೂ ಬಿಡುತ್ತಿರಲಿಲ್ಲ ಅಷ್ಟೆ. ಅವನು ಮರದ ಪಟ್ಟಿಯನ್ನು ಮೂಲೆಗೆ ಸರಿಯಾಗಿ ಕೂರುವಂತೆ ಓರೆಯಾಗಿ ಕೊಯ್ಯುವಷ್ಟರಲ್ಲಿ, ಗಾಜಿಗೆ ಗೆರೆ ಎಳೆದು ಟಕ್ಕೆಂದು ಮುರಿಯುವಷ್ಟರಲ್ಲಿ ನೀವು ಈ ಊರಿನ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದುಕೊಂಡಿರುತ್ತಿದ್ದಿರಿ.

ಬಸ್ಸಿನ ಬಾಗಿಲಿಗೆ ಅಡ್ಡ ನಿಂತವನು ಯಾವತ್ತೂ ಕೊನೆಯ ಸ್ಟಾಪಿನವನೇ ಆಗಿರುತ್ತಾನೆ. ‘ಐದು ನಿಮಿಷ, ಬಂದುಬಿಟ್ಟೆ’ ಎಂದು ಫೋನಿನಲ್ಲಿ ಹೇಳುವವನು ಇನ್ನೂ ಸ್ನಾನಕ್ಕೆ ಹೋಗಿರುವುದಿಲ್ಲ. ಲಿಫ್ಟ್ ಬಂದ ಮೇಲೆ ಜನರಿಗೆ ಪಕ್ಕದ ಮನೆಯವರ ಮುಖವೇ ಮರೆತುಹೋಗಿದೆ. ಮೆಟ್ಟಿಲಾಗಿದ್ದರೆ ಏದುಸಿರು ಬಿಡುತ್ತ ನಿಂತಾಗಲಾದರೂ ನಾಲ್ಕು ಮಾತು ಆಡಲೇಬೇಕಿತ್ತು. ಊರಿನಲ್ಲಿ ನಿಶ್ಚಿಂತೆಯಾಗಿ ಬಾಡಿಗೆ ಕೊಡದೆ ಬದುಕುತ್ತಿರುವುದು ಪಾರಿವಾಳಗಳು ಮಾತ್ರ, ಅದಕ್ಕೇ ಅವು ಅಷ್ಟು ದಪ್ಪಗಿವೆ. ಇವೆಲ್ಲ ಫ್ರೇಮಣ್ಣನ ಮಾತುಗಳು. ಊರನ್ನು ಬೆಳಗಿನಿಂದ ಸಂಜೆಯವರೆಗೆ ಅವನು ಬೈಯುತ್ತಿದ್ದ. ಆದರೆ ಹೊರಗಿನವರು ಯಾರಾದರೂ ‘ಇದೂ ಒಂದು ಊರಾ?’ ಎಂದು ಮೂಗು ಮುರಿದರೋ, ಮುಗಿಯಿತು. ಅವರ ಫೋಟೋ ಎಂಟು ದಿನ ತಡವಾಗುತ್ತಿತ್ತು.

ಅವನ ಅಭಿಪ್ರಾಯಗಳಲ್ಲೆಲ್ಲ ದೊಡ್ಡದು ದಾರಿ ಕೇಳುವುದರ ಬಗ್ಗೆ ಇತ್ತು. ‘ಊರಿನವನಾದವನು ದಾರಿ ಕೇಳಬಾರದು. ಕೇಳಿದ ದಿನ ಅವನು ನೆಂಟ’ ಎನ್ನುತ್ತಿದ್ದ. ನಲವತ್ತೆರಡು ವರ್ಷದಲ್ಲಿ ಅವನು ಒಂದು ಸಲವೂ ಕೇಳಿರಲಿಲ್ಲ. ‘ಕಣ್ಣು ಕಟ್ಟಿ ಬಿಟ್ಟರೂ ಮನೆಗೆ ಬಂದು ಸೇರ್ತೀನಿ’ ಎಂದು ಜಂಬ ಕೊಚ್ಚಿದರೆ, ಹೆಂಡತಿ ಫ್ರೇಮಿನ ಹಿಂಬದಿಗೆ ಕಾಗದ ಅಂಟಿಸುತ್ತ, ‘ಕಣ್ಣು ಬಿಟ್ಕೊಂಡು ಹೋದಾಗ ಹೇಳಿದ ಸಾಮಾನು ತರೋದೇ ಇಲ್ಲ, ಅದನ್ನ ಮೊದಲು ಮಾಡಿ’ ಎನ್ನುತ್ತಿದ್ದಳು.

ಇಂಥ ಫ್ರೇಮಣ್ಣನಿಗೆ ಆ ವಾರ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಅವನ ಅಕ್ಕ ಬರುವವಳಿದ್ದಳು.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಅಲ್ಲಿಂದ ಮುಂದೆ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಸುಳ್ಳು ಹೇಳಿದಾಗ ಕಿವಿ ಹಿಂಡಿದ್ದು, ಎಲ್ಲ ಅಕ್ಕನೇ. ಅವಳು ದೂರದ ಒಂದು ಸಣ್ಣ ಪಟ್ಟಣದಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ, ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಆಸ್ಪತ್ರೆಯಿಂದ ನಿವೃತ್ತಿಯಾದ ಮೇಲೂ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ ಹಿಡಿದಿದ್ದಳು. ಹೋದ ವರ್ಷ ಅದೂ ಮುಚ್ಚಿತು. ಅಂದಿನಿಂದ ಫೋನಿನಲ್ಲಿ ಅವಳ ದನಿ ಮಂಕಾಗಿತ್ತು. ಬೈಯುವುದೂ ಕಡಿಮೆಯಾಗಿತ್ತು. ಫ್ರೇಮಣ್ಣನಿಗೆ ಅದೇ ಭಯ ಹುಟ್ಟಿಸಿದ್ದು.

“ಇಲ್ಲಿಗೇ ಬಂದುಬಿಡು ಅಕ್ಕ. ಅಂಗಡಿ ಮೇಲೆ ಎರಡು ರೂಮು ಇದೆ, ನಾವಿಬ್ಬರೇ ಇರೋದು,” ಎಂದು ಅವನು ಗೋಗರೆದಿದ್ದ.

“ಒಬ್ಬರ ಮನೇಲಿ ಸುಮ್ಮನೆ ಕೂತು ಉಣ್ಣೋಳಲ್ಲ ನಾನು. ಅದೂ ನಿನ್ನ ಆ ಊರಲ್ಲಿ!” ಎಂದಿದ್ದಳು ಅಕ್ಕ.

ಆ ಊರಿನ ಮೇಲೆ ಅವಳಿಗೆ ಹಳೆಯ ಸಿಟ್ಟು. ಮೂವತ್ತು ವರ್ಷದ ಹಿಂದೆ ಒಮ್ಮೆ ತಮ್ಮನನ್ನು ನೋಡಲು ಒಬ್ಬಳೇ ಬಂದಿದ್ದಳು. ದಾರಿ ಕೇಳಿದಾಗ ಒಬ್ಬ ಆ ಕಡೆ ಕಳಿಸಿದ, ಇನ್ನೊಬ್ಬ ಈ ಕಡೆ, ಮೂರನೆಯವನು ನಿಂತು ಮುಖ ಕೂಡ ನೋಡಲಿಲ್ಲ. ಸಂಜೆಯವರೆಗೆ ಅಲೆದು, ತಮ್ಮನ ಮುಖ ಕಾಣದೆಯೇ ರೈಲು ಹತ್ತಿ ವಾಪಸ್ ಹೋಗಿದ್ದಳು. ಆಮೇಲೆ ತಮ್ಮನೇ ಹೋಗಿ ಬರಬೇಕಾಗಿತ್ತು, ಅವಳು ಈ ಕಡೆ ತಲೆ ಹಾಕಿರಲಿಲ್ಲ. ಈಗ ಹೇಗೋ ಎಂಟು ದಿನದ ಮಟ್ಟಿಗೆ ಒಪ್ಪಿದ್ದಳು. ಆ ಎಂಟು ದಿನದಲ್ಲಿ ಊರು ಅವಳ ಮನಸ್ಸಿಗೆ ಹಿಡಿಸಿದರೆ ಉಳಿದುಬಿಡುತ್ತಾಳೆ ಎಂಬ ಆಸೆ ಫ್ರೇಮಣ್ಣನಿಗೆ. ಅದಕ್ಕೂ ಅವಳು ಒಂದು ಷರತ್ತು ಹಾಕಿದ್ದಳು.

“ಸ್ಟೇಷನ್ನಿಗೆ ಬಂದು ನಿಂತುಕೋಬೇಡ. ನಾನೇನು ಪಾರ್ಸಲ್ಲಾ ಬಿಡಿಸಿಕೊಂಡು ಹೋಗೋಕೆ? ದಾರಿ ಬರೆದು ಕಳಿಸು, ನಾನೇ ಬರ್ತೀನಿ. ಈ ಸಲವೂ ನಿನ್ನ ಊರು ನನ್ನನ್ನ ಅಲೆದಾಡಿಸಿದರೆ ಮಧ್ಯಾಹ್ನ ಒಂದು ಗಂಟೆಗೆ ವಾಪಸ್ ರೈಲಿದೆ. ಹತ್ತಿ ಹೋಗ್ತೀನಿ. ಆಮೇಲೆ ನನ್ನನ್ನ ಕರೀಬೇಡ.”

ಹೇಳಿದಂತೆ ಮಾಡುವ ಹೆಂಗಸು. ಫ್ರೇಮಣ್ಣ ಕೂತು, ತನ್ನ ಮುದ್ದಾದ ಅಕ್ಷರದಲ್ಲಿ ದಾರಿ ಬರೆದ. ವಿಳಾಸ ಬರೆಯಲಿಲ್ಲ. ವಿಳಾಸ ಬರೆದುಕೊಡುವುದು ಪರಕೀಯರಿಗೆ, ಮನೆಯವರಿಗೆ ದಾರಿ ಹೇಳಬೇಕು ಎಂಬುದು ಅವನ ಇನ್ನೊಂದು ಅಭಿಪ್ರಾಯ. ಆ ಚೀಟಿಯ ಫೋಟೋ ತೆಗೆದು ಅಕ್ಕನಿಗೆ ಕಳಿಸುವ ಹಾಗಿಲ್ಲ, ಅವಳದು ಗುಂಡಿ ಒತ್ತುವ ಹಳೆಯ ಫೋನು. ಅದನ್ನೂ ಚಾರ್ಜು ಉಳಿಯಲಿ ಎಂದು ಸದಾ ಆಫ್ ಮಾಡಿ ಚೀಲದ ತಳದಲ್ಲಿ ಇಟ್ಟಿರುತ್ತಿದ್ದಳು. ಹೀಗಾಗಿ ಅಂಚೆಯಲ್ಲೇ ಕಳಿಸಿದ.

ಅಕ್ಕ ಬರುವ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಮೇಡಂ ತಮ್ಮ ತರಗತಿಯ ಗುಂಪು ಫೋಟೋ ತಂದರು. ಅವರು ಹತ್ತಿರದ ಶಾಲೆಗೆ ಟೀಚರಾಗಿ ಬಂದು ಎರಡು ವರ್ಷವಾಗಿತ್ತಷ್ಟೆ. ಫ್ರೇಮಣ್ಣ ಗಾಜಿನ ಮೇಲೆ ಪಟ್ಟಿ ಇಟ್ಟು ಗೆರೆ ಎಳೆಯುತ್ತ ಅಕ್ಕನ ಸುದ್ದಿ ಶುರುಮಾಡಿದ.

“ಹತ್ತು ಗಂಟೆಗೇ ರೈಲು ಬಂದಿರುತ್ತೆ ಮೇಡಂ. ನಡೆದು ಬಂದರೆ ಅರ್ಧ ಗಂಟೆ. ಇನ್ನೇನು ಬರ್ತಾಳೆ. ಎಂಥ ದಾರಿ ಬರೆದುಕೊಟ್ಟಿದ್ದೀನಿ ಅಂದರೆ, ಚಿಕ್ಕ ಮಗು ಕೂಡ ತಪ್ಪೋದಿಲ್ಲ. ಸ್ಟೇಷನ್ನಿನಿಂದ ಹೊರಗೆ ಬಂದು ಗಡಿಯಾರದ ಕಂಬದಿಂದ ಎಡಕ್ಕೆ. ನೇರ ನಡೆದರೆ ಸಿನಿಮಾ ಮಂದಿರ. ಅದರ ಪಕ್ಕದ ಓಣಿ ಹಿಡಿದು ಹೋದರೆ ದೊಡ್ಡ ಮರ. ಮರದ ಹತ್ತಿರ ಬಲಕ್ಕೆ ತಿರುಗಿದರೆ ನಾಲ್ಕನೇ ಅಂಗಡಿ. ಮುಗೀತು!”

ಮೇಡಂ ಹುಬ್ಬು ಗಂಟಿಕ್ಕಿದರು. “ಯಾವ ಗಡಿಯಾರದ ಕಂಬ?”

“ಅದೇ, ಸ್ಟೇಷನ್ ಎದುರಿಗೆ ಇದೆಯಲ್ಲ...”

“ನಾನು ದಿನಾ ಅಲ್ಲಿಂದಲೇ ಬರೋದು. ಅಲ್ಲಿ ಮೇಲ್ಸೇತುವೆ ಇದೆ. ಗಡಿಯಾರ ನೋಡಿಲ್ಲಪ್ಪ. ಸಿನಿಮಾ ಮಂದಿರ ಅಂದರೆ ಯಾವುದು? ಆ ರಸ್ತೇಲಿ ದೊಡ್ಡ ಮಾಲ್ ಇದೆ.”

ಫ್ರೇಮಣ್ಣನ ಕೈಯಲ್ಲಿದ್ದ ಗಾಜು ಗೆರೆ ಬಿಟ್ಟು ಅಡ್ಡಡ್ಡ ಒಡೆಯಿತು.

ಗಡಿಯಾರದ ಕಂಬ ಕಿತ್ತು ಎಷ್ಟು ವರ್ಷ? ಸೇತುವೆ ಕಟ್ಟುವಾಗ ಕಿತ್ತರು. ಹನ್ನೊಂದು, ಹನ್ನೆರಡು? ಸಿನಿಮಾ ಮಂದಿರ ಅದಕ್ಕಿಂತ ಮೊದಲೇ ಹೋಯಿತು. ಮರ? ರಸ್ತೆ ಅಗಲ ಮಾಡುವಾಗ ಅದನ್ನು ಕಡಿಯಬೇಡಿ ಎಂದು ಅರ್ಜಿಗೆ ಇವನೇ ಸಹಿ ಹಾಕಿದ್ದ! ಇವೆಲ್ಲ ಅವನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಆ ಬೀದಿಯ ಹಳಬರು ಇವತ್ತಿಗೂ ‘ಗಡಿಯಾರದ ಹತ್ತಿರ ಸಿಗೋಣ’ ಎಂದೇ ಹೇಳುತ್ತಿದ್ದರು, ಅಲ್ಲೇ ಸಿಗುತ್ತಲೂ ಇದ್ದರು. ಅವರವರೊಳಗೆ ಅದು ನಡೆಯುತ್ತಿತ್ತು. ಬೇರೆಯವರಿಗೆ ಇಲ್ಲದ ಕಂಬ ಕಾಣಿಸುವುದಿಲ್ಲ ಎಂದು ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

“ಅಯ್ಯೋ, ಕೆಟ್ಟೆ!” ಎಂದ.

ಹೆಂಡತಿ ಒಳಗಿನಿಂದ ಬಂದಳು. ವಿಷಯ ಕೇಳಿ ಹಣೆ ಚಚ್ಚಿಕೊಂಡಳು. “ಇರೋದನ್ನ ಬಿಟ್ಟು ಇಲ್ಲದ್ದನ್ನೆಲ್ಲ ಹುಡುಕಿ ಹುಡುಕಿ ಬರೆದಿದ್ದೀರಲ್ರೀ! ನಿಂತ್ಕೊಂಡು ಏನು ನೋಡ್ತೀರಿ, ಓಡಿ! ಅತ್ತಿಗೆ ಇಲ್ಲಿಗೆ ಬಂದರೆ ನಾನಿದ್ದೀನಿ. ಮೇಡಂ ಗಾಜು ನಾನು ಕೊಯ್ತೀನಿ.”

ಫೋನು ಮಾಡಿದ. ಸ್ವಿಚ್ ಆಫ್. ಸಿಕ್ಕ ಬಸ್ಸು ಹತ್ತಿದ. ಬಾಗಿಲಿಗೆ ಅಡ್ಡ ನಿಂತು, ಇಳಿಯುವವರ ಕೈಲೆಲ್ಲ ಬೈಸಿಕೊಂಡು, ಸ್ಟೇಷನ್ನಿನಲ್ಲಿ ಇಳಿದಾಗ ಹನ್ನೊಂದೂಮುಕ್ಕಾಲು.

ಮೇಲ್ಸೇತುವೆಯ ಕೆಳಗೆ ನಿಂತು ಫ್ರೇಮಣ್ಣ ಸುತ್ತ ನೋಡಿದ. ಈ ಜಾಗದಲ್ಲಿ ಸಾವಿರ ಸಲ ಓಡಾಡಿದ್ದಾನೆ, ಆದರೆ ನಿಂತು ನೋಡಿ ಎಷ್ಟು ಕಾಲವಾಗಿತ್ತೋ. ಎಡಕ್ಕೆ ಎಂದರೆ ಎಲ್ಲಿ ಎಡಕ್ಕೆ? ಮೂರು ರಸ್ತೆಗಳು ಎಡಕ್ಕೇ ಹೋಗುತ್ತಿದ್ದವು. ಅಕ್ಕ ಇಲ್ಲಿ ನಿಂತು, ಚೀಟಿ ಹಿಡಿದು, ಮೂವತ್ತು ವರ್ಷದ ಹಿಂದಿನಂತೆಯೇ ಕಂಗಾಲಾಗಿ ನೋಡಿರಬೇಕು. ಬೇರೆ ದಾರಿಯಿರಲಿಲ್ಲ. ಸೈಕಲ್ ಸ್ಟ್ಯಾಂಡಿನ ಮುದುಕನ ಹತ್ತಿರ ಹೋದ. ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳಿದ.

“ಯಜಮಾನರೇ, ಇಲ್ಲಿ ಒಬ್ಬರು ವಯಸ್ಸಾದ ಹೆಂಗಸು, ಗಡಿಯಾರದ ಕಂಬ ಕೇಳಿಕೊಂಡು...”

“ಓಹೋ! ಆ ಚೀಟಿ ಬರೆದ ಮಹಾನುಭಾವ ನೀವೇನಾ?” ಮುದುಕ ಕೆಮ್ಮುತ್ತ ನಕ್ಕ, ನಗುತ್ತ ಕೆಮ್ಮಿದ. “ಎಷ್ಟೋ ವರ್ಷದ ಮೇಲೆ ಗಡಿಯಾರ ಕೇಳಿದವರು ಅವರೊಬ್ಬರೇ ನೋಡಿ. ನನಗಂತೂ ಖುಷಿಯಾಗಿಹೋಯ್ತು. ಆ ಕಂಬದ ಕೆಳಗೇ ಅಲ್ವಾ ನಾನು ಸ್ಟ್ಯಾಂಡ್ ಶುರು ಮಾಡಿದ್ದು! ಕೂರಿಸಿ ಟೀ ಕೊಡಿಸಿದೆ. ನನ್ನ ಕೆಮ್ಮು ಕೇಳಿ ಎಷ್ಟು ದಿನದಿಂದ ಅಂತ ವಿಚಾರಿಸಿದರು. ಎರಡು ತಿಂಗಳು ಅಂದೆ. ಅಬ್ಬಬ್ಬಾ, ಏನು ಬೈದರು ಅಂತೀರಿ!”

ಅಕ್ಕನೇ, ಸಂದೇಹವಿಲ್ಲ. “ಯಾವ ಕಡೆ ಹೋದಳು?”

“ಸಿನಿಮಾ ಮಂದಿರ ಇದ್ದ ಕಡೆ. ಅಲ್ಲಿ ಛತ್ರಿ ರಿಪೇರಿಯವನನ್ನ ಕೇಳಿ ಅಂತ ಹೇಳಿದ್ದೀನಿ. ಹೊಸಬರಿಗೆ ಏನು ಗೊತ್ತಾಗುತ್ತೆ?”

ಫ್ರೇಮಣ್ಣ ಓಡಿದ. ಮಾಲಿನ ಗಾಜಿನ ಗೋಡೆಯ ಪಕ್ಕದಲ್ಲಿ, ನೆರಳು ಬೀಳುವ ಒಂದು ಮೊಳ ಜಾಗದಲ್ಲಿ ಛತ್ರಿ ರಿಪೇರಿಯವನು ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದ. ಒಂದು ಮೊಣಕಾಲಿಗೆ ಹೊಸದಾಗಿ ಬಟ್ಟೆಯ ಪಟ್ಟಿ ಸುತ್ತಿತ್ತು.

“ಇಪ್ಪತ್ತೆರಡು ವರ್ಷ ಈ ಬಾಗಿಲಲ್ಲೇ ಟಿಕೆಟ್ ಹರಿದವನು ನಾನು,” ಎಂದು ಅವನು ಮಾಲಿನ ಬಾಗಿಲು ತೋರಿಸಿದ. “ಮಂದಿರ ಎಲ್ಲಿ ಅಂತ ನಿಮ್ಮಕ್ಕ ಕೇಳಿದಾಗ ಕಣ್ಣಲ್ಲಿ ನೀರು ಬಂತು. ಎಲ್ಲ ಹೇಳಿದೆ. ಕೂತು ಕೇಳಿದರು. ಕೇಳ್ತಾ ಕೇಳ್ತಾ ಇಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದರು, ನೋಡಿ. ಗುರುವಾರ ಮತ್ತೆ ಬಿಚ್ಚಿ ಕಟ್ಟಬೇಕಂತೆ. ಓಣಿಯ ಕೊನೆವರೆಗೂ ನಾನೇ ಬಿಟ್ಟು ಬಂದೆ. ಮಾತಿಗೆ ತಪ್ಪು ತಿಳೀಬೇಡಿ, ಆ ಚೀಟಿ ಬರೆದವರಿಗೆ ಬುದ್ಧಿ ಸ್ವಲ್ಪ ಕಡಿಮೆ.”

“ಹೌದು, ಕಡಿಮೆ,” ಎಂದ ಫ್ರೇಮಣ್ಣ, ಓಡುತ್ತಲೇ.

ಮರವಿದ್ದ ಜಾಗದಲ್ಲಿ ಈಗ ವಿದ್ಯುತ್ ಪೆಟ್ಟಿಗೆಯೊಂದು ಗುಯ್ಯೆನ್ನುತ್ತಿತ್ತು. ಅದರ ಪಕ್ಕದಲ್ಲಿ ಹೂವಿನವಳೊಬ್ಬಳು ಕೂರುತ್ತಿದ್ದಳು. ಮರ ಹೋದರೂ ಅವಳು ಜಾಗ ಬಿಟ್ಟಿರಲಿಲ್ಲ. ಆದರೆ ಈಗ ಬುಟ್ಟಿ ಮಾತ್ರ ಇತ್ತು. ಪಕ್ಕದಲ್ಲಿ ಬಾಚಣಿಗೆ, ಕನ್ನಡಿ ಮಾರುವವನು ಬುಟ್ಟಿ ಕಾಯುತ್ತಿದ್ದ.

“ಒಬ್ಬ ಅಮ್ಮನವರಾ? ಕೈಯಲ್ಲಿ ಚೀಟಿ? ಬಂದಿದ್ದರು. ಹೂವಿನವಳ ಜೊತೆ ಬಹಳ ಹೊತ್ತು ಮಾತಾಡಿ ಅವಳ ಮನೆಗೂ ಹೋಗಿ ಬಂದರು. ಒಂದು ಗಂಟೆ ಹೊಡೆಯೋದರೊಳಗೆ ಸ್ಟೇಷನ್ನಿಗೆ ನಡೆದು ಹೋಗಬಹುದಾ ಅಂತ ನನ್ನ ಕೇಳಿದರು. ಹೋಗಬಹುದು ಅಂದೆ. ಹೋದರು.”

ಇಲ್ಲಿಂದ ಅಂಗಡಿ ನಾಲ್ಕೇ ಹೆಜ್ಜೆ. ಇಷ್ಟು ದೂರ ಬಂದು, ಇಲ್ಲದ ಮೂರು ಗುರುತನ್ನೂ ದಾಟಿ ಬಂದು, ನಾಲ್ಕು ಹೆಜ್ಜೆ ಉಳಿದಿರುವಾಗ ಅಕ್ಕ ಬೇಸತ್ತು ಹಿಂದಿರುಗಿದಳೇ? ಫ್ರೇಮಣ್ಣ ಗಂಟೆ ನೋಡಿದ. ಹನ್ನೆರಡೂ ಮೂವತ್ತೈದು. ಬಂದ ದಾರಿಯಲ್ಲೇ ಮತ್ತೆ ಓಡಿದ. ಅರವತ್ತೊಂದರ ಗಂಡಸು, ಕೆಲಸದ ಏಪ್ರನ್ನಿನಲ್ಲೇ, ಜೇಬಿನಲ್ಲಿ ಸಣ್ಣ ಮೊಳೆಗಳು ಝಲಝಲ ಎನ್ನುತ್ತಿರಲು ಓಡುವುದನ್ನು ಊರು ನಿಂತು ನೋಡಿತು. ಯಾರೋ ‘ನಿಧಾನ, ತಾತಾ!’ ಎಂದರು. ತಾತ ಎನಿಸಿಕೊಂಡದ್ದಕ್ಕೆ ಸಿಟ್ಟು ಮಾಡಿಕೊಳ್ಳಲೂ ಅವನಿಗೆ ಸಮಯವಿರಲಿಲ್ಲ.

ಸೈಕಲ್ ಸ್ಟ್ಯಾಂಡಿನಲ್ಲಿ ಮುದುಕ ಕೂಡ ಇರಲಿಲ್ಲ. ಫ್ರೇಮಣ್ಣ ಪ್ಲಾಟ್‌ಫಾರ್ಮಿಗೆ ನುಗ್ಗಿದ. ರೈಲು ನಿಂತಿತ್ತು. ಒಂದೊಂದು ಕಿಟಕಿಗೂ ಇಣುಕುತ್ತ, ‘ಅಕ್ಕಾ! ಅಕ್ಕಾ!’ ಎಂದು ಕೂಗುತ್ತ ಹೋದ. ಯಾರ ಯಾರದೋ ಅಕ್ಕಂದಿರು ತಿರುಗಿ ನೋಡಿದರು. ಇವನ ಅಕ್ಕ ಕಾಣಲಿಲ್ಲ. ಇನ್ನೂ ನಾಲ್ಕು ಬೋಗಿ ಉಳಿದಿರುವಾಗಲೇ ರೈಲು ಹೊರಟಿತು. ಕೊನೆಯ ಬೋಗಿ ಕಣ್ಮರೆಯಾಗುವವರೆಗೂ ನೋಡುತ್ತ ನಿಂತ. ಅಷ್ಟು ದೊಡ್ಡ ಊರಿನಲ್ಲಿ ಅವನಿಗೆ ತಾನೊಬ್ಬನೇ ಎನಿಸಿತು. ಬೆಂಚಿನ ಮೇಲೆ ಕೂತು ಒಂದಷ್ಟು ಹೊತ್ತು ಏಳಲೇ ಇಲ್ಲ.

ಕಾಲೆಳೆದುಕೊಂಡು ಅಂಗಡಿಗೆ ಬಂದಾಗ ಎರಡು ಗಂಟೆ ಹತ್ತಿರ. ಬಾಗಿಲಲ್ಲೇ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಎಲ್ಲಿ ಹಾಳಾಗಿ ಹೋಗಿದ್ರಿ? ಫೋನೂ ಇಲ್ಲೇ ಬಿಟ್ಟು ಹೋಗಿದ್ದೀರ. ಅತ್ತಿಗೆ ಬಂದು ಅರ್ಧ ಗಂಟೆಯಾಯ್ತು!”

ಒಳಗೆ, ಅವನು ಪಟ್ಟಿ ಕೊಯ್ಯುವ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಅಕ್ಕ ನೆಟ್ಟಗೆ ಕೂತಿದ್ದಳು. ಮಂಕೂ ಇಲ್ಲ, ಗಿಂಕೂ ಇಲ್ಲ. ಕಣ್ಣುಗಳು ಮಿಂಚುತ್ತಿದ್ದವು. “ಏನೋ ಇದು ಅವತಾರ? ಯಾಕೋ ಹೀಗೆ ಬೆವರಿದ್ದೀಯ? ಬಿ.ಪಿ. ನೋಡಿಸಿಕೊಂಡು ಎಷ್ಟು ದಿನವಾಯ್ತು?” ಎಂದಳು.

“ನೀನು ರೈಲು ಹತ್ತಿ ಹೋಗಿಬಿಟ್ಟೆ ಅಂದುಕೊಂಡೆ ಅಕ್ಕ,” ಎಂದ ಫ್ರೇಮಣ್ಣ.

“ಹತ್ತೋಣ ಅಂತಲೇ ಇದ್ದೆ. ಹೊರಗೆ ಬಂದು ನೋಡಿದರೆ ಗಡಿಯಾರವೂ ಇಲ್ಲ, ಗಿಡಿಯಾರವೂ ಇಲ್ಲ. ತಿರುಗಿ ಒಳಗೆ ಹೋಗೋಕೆ ಹೆಜ್ಜೆ ಎತ್ತಿದ್ದೆ. ಅಷ್ಟರಲ್ಲಿ ಆ ಯಜಮಾನರು ಕೆಮ್ಮಿದರು. ಅದು ಸುಮ್ಮನೆ ಬಿಡೋ ಕೆಮ್ಮಲ್ಲ ಕಣೋ. ಅವರನ್ನ ಕೇಳಿದೆ, ಅವರು ಛತ್ರಿಯವರನ್ನ ತೋರಿಸಿದರು, ಛತ್ರಿಯವರು ಹೂವಿನವಳ ಹತ್ತಿರ ಬಿಟ್ಟರು. ಆಮೇಲೆ ಆ ಕೆಮ್ಮು ನೆನಪಾಗಿ ಮನಸ್ಸು ತಡೀಲಿಲ್ಲ. ಕ್ಲಿನಿಕ್ ಒಂದು ಗಂಟೆಗೆ ಮುಚ್ಚುತ್ತೆ ಅಂತ ಅವಳು ಹೇಳಿದಳು. ವಾಪಸ್ ಹೋಗಿ ಯಜಮಾನರನ್ನ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಬಂದೆ.”

“ನಾನು ಅಲ್ಲೇ ಪ್ಲಾಟ್‌ಫಾರ್ಮಲ್ಲಿ...”

“ನೀನು ಯಾವತ್ತೂ ನೋಡಬೇಕಾದ ಕಡೆ ನೋಡಿದವನಲ್ಲ, ಬಿಡು. ಇಷ್ಟು ವರ್ಷ ಇದ್ದೀಯ, ಆ ಹೂವಿನವಳ ಮಗಳಿಗೆ ಚೊಚ್ಚಲು ಅನ್ನೋದು ನಿನಗೆ ಗೊತ್ತಾ? ಆಸ್ಪತ್ರೆ ಅಂದರೆ ನಡುಗ್ತಾಳೆ ಆ ಹುಡುಗಿ. ನಿನ್ನ ಅಂಗಡಿಯಿಂದ ನಾಲ್ಕು ಹೆಜ್ಜೆ!”

ಫ್ರೇಮಣ್ಣನಿಗೆ ಗೊತ್ತಿರಲಿಲ್ಲ. ಊರಿನ ಬಗ್ಗೆ ಅಷ್ಟೊಂದು ಮಾತಾಡುವವನು, ದಿನವೂ ಅವಳ ಮುಂದೆಯೇ ಹಾದುಹೋಗುವವನು, ಒಂದು ದಿನ ‘ಹೇಗಿದ್ದೀಯಮ್ಮ’ ಎಂದು ಕೇಳಿರಲಿಲ್ಲ. ನಾಚಿಕೆಯಾಗಿ ತಲೆ ಕೆರೆದುಕೊಂಡ.

ಅಕ್ಕ ಬೆರಳು ಮಡಚತೊಡಗಿದಳು. “ಗುರುವಾರ ಛತ್ರಿಯವರ ಪಟ್ಟಿ ಬದಲಾಯಿಸಬೇಕು. ಯಜಮಾನರ ಎಕ್ಸ್‌ರೇ ಸೋಮವಾರ ಬರುತ್ತೆ. ಹುಡುಗೀಗೆ ವಾರಕ್ಕೆರಡು ಸಲ ಹೋಗಿ ಧೈರ್ಯ ಹೇಳಬೇಕು. ಹೆರಿಗೆ ಮುಂದಿನ ತಿಂಗಳ ಕೊನೇಲಿ. ಆಮೇಲೆ ಬಾಣಂತಿ ಆರೈಕೆ, ಅದಕ್ಕೆ ಮೂರು ತಿಂಗಳಾದರೂ ಬೇಕು.”

“ಅತ್ತಿಗೆ, ಎಂಟು ದಿನ ಅಂದಿದ್ರಿ...” ಎಂದು ಹೆಂಡತಿ ಬಾಯಿ ತೆರೆದವಳು, ಗಂಡನ ಮುಖ ನೋಡಿ ಅಂಟಿನ ಡಬ್ಬಿ ಕೈಗೆತ್ತಿಕೊಂಡಳು.

ಅಕ್ಕ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. ಆಮೇಲೆ ದನಿ ತಗ್ಗಿಸಿದಳು. “ನಿನಗೆ ಭಾರ ಆಗ್ತೀನಿ ಅಂತ ಬೇಡ ಅಂತಿದ್ದೆ ಕಣೋ. ನೀನು ಕರೆದಾಗೆಲ್ಲ ಬರೋಕೆ ಆಸೆಯಾಗ್ತಿತ್ತು. ಆದರೆ ಕೆಲಸಕ್ಕೆ ಬಾರದವಳಾಗಿ ಬಂದು ಕೂತುಕೊಳ್ಳೋಕೆ ಮನಸ್ಸು ಒಪ್ಪಲಿಲ್ಲ. ಈಗ ನನಗೂ ಇಲ್ಲಿ ಕೆಲಸ ಇದೆ. ನನ್ನನ್ನ ಇಟ್ಕೊಳ್ತೀಯೇನೋ?”

ಫ್ರೇಮಣ್ಣನಿಗೆ ಅಳು ಬಂತು. ಅಡಗಿಸಿಕೊಳ್ಳುವ ಪ್ರಯತ್ನವನ್ನೇನೂ ಅವನು ಮಾಡಲಿಲ್ಲ.

“ಅಕ್ಕ, ಅಮ್ಮ ಹೋದ ದಿನ ನನ್ನನ್ನ ಎತ್ತಿಕೊಂಡೆಯಲ್ಲ,” ಎಂದ, “ಆವತ್ತು ಯಾರನ್ನಾದರೂ ಕೇಳಿದ್ದೆಯಾ?”

ಅಕ್ಕ ಎದ್ದು ಬಂದು, ಅವನ ಏಪ್ರನ್ನಿನ ಗಂಟು ಬಿಚ್ಚಿ, ಅದರ ತುದಿಯಿಂದಲೇ ಅವನ ಮುಖ ಒರೆಸಿದಳು. ಆಮೇಲೆ ಬೈಯತೊಡಗಿದಳು.